ಇಳಿಜಾರು ಮೊದಲು, ರಸ್ತೆ ಆಮೇಲೆ: ಟೋಪೋಶೀಟ್ ಮೇಲೆ ತೋಟದ ದಾರಿ ಎಳೆದದ್ದು

ಕಣದಿಂದ ಗುಡ್ಡದ ಮೇಲಿನ ಕಾಫಿ ಬ್ಲಾಕಿಗೆ ಪಿಕಪ್ ಹತ್ತುವಂಥ ದಾರಿ ಬೇಕಿತ್ತು. ಈಗಿರುವುದು ಕಾಲುದಾರಿ. ಗೊಬ್ಬರ ತಲೆಹೊರೆಯಲ್ಲಿ ಹತ್ತಬೇಕು, ಹಣ್ಣು ತಲೆಹೊರೆಯಲ್ಲಿ ಇಳಿಯಬೇಕು. ನಮ್ಮ ಕಡೆ ಇಂಥ ದಾರಿ ಹೇಗೆ ಮಾಡುತ್ತಾರೆ ಅಂತ ಗೊತ್ತೇ ಇದೆಯಲ್ಲ. ಜೆಸಿಬಿ ಕರೆಸುವುದು, ಡ್ರೈವರ್ ಕಣ್ಣಳತೆಯಲ್ಲಿ ಕೆರೆಯುತ್ತಾ ಹೋಗುವುದು, ಅರ್ಧ ಗುಡ್ಡದಲ್ಲಿ ಸಿಕ್ಕಿಕೊಂಡಾಗ "ಇಲ್ಲೊಂದು ತಿರುವು ಹಾಕೋಣ ಬಿಡಿ" ಅನ್ನುವುದು. ಬಾಡಿಗೆ ಮೀಟರ್ ಮಾತ್ರ ಗಂಟೆ ಲೆಕ್ಕದಲ್ಲಿ ಓಡುತ್ತಿರುತ್ತದೆ. ಮೊದಲ ಮಳೆಗಾಲಕ್ಕೇ ಧರೆ (ದಾರಿಗಾಗಿ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಕುಸಿದು ದಾರಿ ಮುಚ್ಚಿಹೋಗುತ್ತದೆ.

ಈ ಸಲ ಜೆಸಿಬಿಗೆ ಫೋನ್ ಮಾಡುವ ಮೊದಲು ಕಾಗದದ ಮೇಲೆ ದಾರಿ ಎಳೆಯೋಣ ಅಂತ ಕೂತೆವು. ಬೇಕಾದ ಸಾಮಾನು ಏನೂ ಜಾಸ್ತಿ ಇಲ್ಲ. ಒಂದು ಟೋಪೋಶೀಟ್ (ನೆಲದ ಏರಿಳಿತ ತೋರಿಸುವ ನಕ್ಷೆ), ಮಿ.ಮೀ. ಗುರುತಿರುವ ಸ್ಕೇಲ್, ಎರಡೂ ತುದಿ ಚೂಪಾಗಿರುವ ಕೈವಾರ, ಒಂದು ಪೆನ್ಸಿಲ್. ನೆಲದ ಮೇಲಿನ ಕೆಲಸಕ್ಕೆ ಬಿದಿರು, ದಾರ ಮತ್ತು ಒಂದು ಕಬ್ಬಿಣದ ನಟ್.

ಹಾಳೆ

ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ನಕ್ಷೆಗಳು 1:50,000 ಸ್ಕೇಲಿನಲ್ಲಿ ಪಿಡಿಎಫ್ ಆಗಿ ಅವರ ಪೋರ್ಟಲ್‌ನಲ್ಲೇ ಸಿಗುತ್ತವೆ. ನಮ್ಮದು ಮುಳ್ಳಯ್ಯನಗಿರಿ ಬರುವ ಹಾಳೆ. ಹಳಬರು 48 ಓ/11 ಅನ್ನುವುದು ಅದನ್ನೇ, ಹೊಸ ಲೆಕ್ಕದಲ್ಲಿ ಡಿ43ಓ11. ಪ್ರತಿ ಹಾಳೆಯೂ ಅಕ್ಷಾಂಶದಲ್ಲಿ 15 ಮಿನಿಟು, ರೇಖಾಂಶದಲ್ಲಿ 15 ಮಿನಿಟು. ಅಂದರೆ ನೆಲದ ಮೇಲೆ ಹೆಚ್ಚುಕಮ್ಮಿ 27 ಕಿ.ಮೀ. ಚೌಕ. ಅಷ್ಟು ದೊಡ್ಡ ಹಾಳೆಯಲ್ಲಿ ನಮ್ಮ ತೋಟ ಒಂದು ಹೆಬ್ಬೆಟ್ಟಿನಡಿ ಮುಚ್ಚಿಹೋಗುತ್ತದೆ. ಹಾಗಾಗಿ ಬೇಕಾದ ಮೂಲೆಯನ್ನು ಮಾತ್ರ ನಾಲ್ಕು ಪಟ್ಟು ಹಿಗ್ಗಿಸಿ ಪ್ರಿಂಟ್ ತೆಗೆಸಿದೆವು.

ಪ್ರಿಂಟ್ ಅಂಗಡಿಯಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ಪ್ರಿಂಟರ್ "ಕಾಗದಕ್ಕೆ ಹೊಂದಿಸು" ಅಂತ ತಾನೇ ಒಂಚೂರು ಕುಗ್ಗಿಸಿಬಿಡುತ್ತದೆ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಹಾಳೆಯ ಕೆಳಗೆ ಸ್ಕೇಲಿನ ಪಟ್ಟಿ ಇರುತ್ತದೆ, ಅದನ್ನೂ ಸೇರಿಸಿ ಪ್ರಿಂಟ್ ತೆಗೆಸಿ ಅಳೆಯಿರಿ. ಮೂಲ ಅಳತೆಯಲ್ಲಿ 1 ಕಿ.ಮೀ. ಅಂದರೆ 2 ಸೆಂ.ಮೀ. ನಾಲ್ಕು ಪಟ್ಟಿನಲ್ಲಿ 8 ಸೆಂ.ಮೀ. ಬರಲೇಬೇಕು. ಬರಲಿಲ್ಲವೆಂದರೆ ಅಂಗಡಿಯವನ ಹತ್ತಿರ ಇನ್ನೊಂದು ಪ್ರಿಂಟ್ ಕೇಳಿ, ಸುಮ್ನೆ ಮನೆಗೆ ತರಬೇಡಿ. ಇನ್ನೊಂದು ಮಾತು: ಹಿಗ್ಗಿಸಿದರೆ ಅಳೆಯುವ ಕೈಗೆ ಸುಲಭ, ಅಷ್ಟೇ. ನಕ್ಷೆಯ ನಿಖರತೆ ಅದರಿಂದ ಒಂದು ಕೂದಲೂ ಹೆಚ್ಚುವುದಿಲ್ಲ. ಮುಂದೆ ನಾನು ಹೇಳುವ ಮಿ.ಮೀ. ಎಲ್ಲವೂ ಮೂಲ 1:50,000 ಲೆಕ್ಕದ್ದು.

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಯೇ ಕಾಂಟೂರ್. ಹಾಳೆಯ ಅಂಚಿನಲ್ಲಿ ಕಾಂಟೂರ್ ಅಂತರ ಎಷ್ಟು ಅಂತ ಬರೆದಿರುತ್ತದೆ. ಇಲ್ಲಿ 20 ಮೀ. ಕಂದು ಬಣ್ಣದ ಒಂದೊಂದು ಗೆರೆ ದಾಟಿದರೆ 20 ಮೀಟರ್ ಹತ್ತಿದ ಹಾಗೆ ಅಥವಾ ಇಳಿದ ಹಾಗೆ. ಐದನೆಯದು ದಪ್ಪ ಗೆರೆ, ಅಂದರೆ 100 ಮೀಟರಿಗೊಂದು. ಹತ್ತೋದೋ ಇಳಿಯೋದೋ ಅನ್ನುವ ಗೊಂದಲ ಬಂದರೆ ಹಳ್ಳ ನೋಡಿ. ಹಳ್ಳ ದಾಟುವಾಗ ಗೆರೆ ಮೊನಚಾಗಿ ಬಾಗುತ್ತದೆ, ಆ ಮೊನೆ ಯಾವಾಗಲೂ ಹಳ್ಳ ಹುಟ್ಟುವ ಕಡೆಗೆ, ಅಂದರೆ ಮೇಲಕ್ಕೆ. ಗುಡ್ಡದ ಏಣಿನ (ಉಬ್ಬಿದ ಬೆನ್ನಿನ) ಮೇಲೆ ಅದೇ ಗೆರೆ ಕೆಳಮುಖವಾಗಿ ಬಾಗುತ್ತದೆ.

ನಲವತ್ತರ ಲೆಕ್ಕ

ಇಳಿಜಾರು ಅಂದರೆ ಎತ್ತರದ ವ್ಯತ್ಯಾಸವನ್ನು ಅಡ್ಡ ದೂರದಿಂದ (ಮಟ್ಟಸವಾಗಿ ಅಳೆದ ದೂರದಿಂದ) ಭಾಗಿಸುವುದು. ಇದು ಎಲ್ಲರಿಗೂ ಶಾಲೆಯಲ್ಲೇ ಗೊತ್ತು. ಆದರೆ ನಕ್ಷೆ ಮುಂದೆ ಕೂತಾಗ ಪ್ರತಿ ಸಲ ಮಿ.ಮೀ.ಯನ್ನು ಮೀಟರ್ ಮಾಡಿ, ಆಮೇಲೆ ಭಾಗಿಸಿ, ನೂರರಿಂದ ಗುಣಿಸುವುದು ಬೇಜಾರಿನ ಕೆಲಸ. 1:50,000 ಹಾಳೆಯಲ್ಲಿ 1 ಮಿ.ಮೀ. ಅಂದರೆ 50 ಮೀ. ಗೆರೆಯಿಂದ ಗೆರೆಗೆ ಎತ್ತರ 20 ಮೀ. ಹಾಗಾಗಿ ಎರಡು ಗೆರೆಗಳ ನಡುವೆ ಎಷ್ಟು ಮಿ.ಮೀ. ಇದೆಯೋ ಅದರಿಂದ 40 ಅನ್ನು ಭಾಗಿಸಿದರೆ ನೇರವಾಗಿ ಶೇಕಡಾವಾರು ಇಳಿಜಾರು ಸಿಗುತ್ತದೆ. 4 ಮಿ.ಮೀ. ಇದ್ದರೆ 10%. 2 ಮಿ.ಮೀ. ಇದ್ದರೆ 20%. 1 ಮಿ.ಮೀ. ಇದ್ದರೆ 40%. 8 ಮಿ.ಮೀ. ಇದ್ದರೆ 5%, ಅದು ಸೈಕಲ್ ತುಳಿಯುವ ಏರು.

1:25,000 ಹಾಳೆಯಲ್ಲಿ ಕಾಂಟೂರ್ ಅಂತರ 10 ಮೀ. ಇದ್ದರೂ ಇದೇ 40 ನಡೆಯುತ್ತದೆ. ಅಜ್ಜನ ಕಾಲದ ಒಂದು ಮೈಲಿಗೆ ಒಂದು ಇಂಚಿನ ಹಾಳೆ ಅಟ್ಟದಲ್ಲಿ ಸಿಕ್ಕರೆ ಹುಷಾರು. ಅದು 1:63,360, ಎತ್ತರ ಅಡಿಯಲ್ಲಿ. ಅಂತರ 50 ಅಡಿ ಅಂತ ಬರೆದಿದ್ದರೆ ಅಲ್ಲಿ 40ರ ಬದಲು 24 ಹಿಡಿಯಬೇಕು.

ಶೇಕಡಾ ಮತ್ತು ಡಿಗ್ರಿ ಬೆರೆಸಬೇಡಿ ಅಂತಲೂ ಹೇಳಿಬಿಡುತ್ತೇನೆ. 100% ಅಂದರೆ ಲಂಬವಾದ ಗೋಡೆ ಅಂತ ಎಷ್ಟೋ ಜನ ತಿಳಿದಿದ್ದಾರೆ, ಅದು 45 ಡಿಗ್ರಿ ಅಷ್ಟೇ. 40% ಅಂದರೆ ಸುಮಾರು 22 ಡಿಗ್ರಿ. 10% ಅಂದರೆ ಆರು ಡಿಗ್ರಿಯೂ ಪೂರ್ತಿ ಇಲ್ಲ. "ಮೂವತ್ತು ಡಿಗ್ರಿ ಏರಲ್ಲಿ ನಮ್ಮ ಗಾಡಿ ಹತ್ತುತ್ತೆ" ಅಂತ ಯಾರಾದರೂ ಹೇಳಿದರೆ ಅದು ಸುಮಾರು 58%. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮ ಗುಡ್ಡದ ಲೆಕ್ಕ ಹೀಗಿತ್ತು. ಕಣ 960ರ ಗೆರೆಯ ಹತ್ತಿರ. ಮೇಲಿನ ಬ್ಲಾಕಿಗೆ ಹೋಗುವ ದಾರಿ ಎರಡು ಗುಡ್ಡ ಕೂಡುವ ತಗ್ಗಿನಲ್ಲಿ, 1080ರ ಗೆರೆಯ ಪಕ್ಕ. ಕಾಲುದಾರಿ ನೆಟ್ಟಗೆ ಹತ್ತುತ್ತದೆ, ನಕ್ಷೆಯ ಮೇಲೆ ಅದು 9 ಮಿ.ಮೀ., ಅಂದರೆ 450 ಮೀ. 120 ಮೀಟರ್ ಏರು, 450 ಮೀಟರ್ ದೂರ: ಸುಮಾರು 27%. ಸರಾಸರಿ ಅಷ್ಟಾಯಿತು. ಒಂದೊಂದೇ ಗೆರೆಯ ನಡುವೆ ಅಳೆದಾಗ ಕೆಳಗಿನಿಂದ ಮೇಲಕ್ಕೆ 2.5, 2, 1, 1, 1, 1.5 ಮಿ.ಮೀ. ಬಂತು. ಶೇಕಡಾದಲ್ಲಿ 16, 20, 40, 40, 40, 27. ಅಂದರೆ ಗುಡ್ಡದ ನಡು ಭಾಗ, 1000ರಿಂದ 1060ರವರೆಗೆ, ಸರಾಸರಿಗಿಂತ ಒಂದೂವರೆ ಪಟ್ಟು ಕಡಿದು. ತಲೆಹೊರೆಯವರು ಯಾವಾಗಲೂ ಅಲ್ಲೇ ಉಸಿರು ಬಿಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಈ 40% ಅನ್ನು ಎಷ್ಟು ನಂಬಬಹುದು? 1 ಮಿ.ಮೀ. ಅಳೆಯುವಾಗ ಕಾಲು ಮಿ.ಮೀ. ಆಚೀಚೆ ಆಗುವುದು ಸಹಜ. ಅಷ್ಟಕ್ಕೇ ಉತ್ತರ 32%ರಿಂದ 53%ರವರೆಗೆ ಓಡಾಡುತ್ತದೆ. ಅದೇ ಮೂರು ಅಂತರಗಳನ್ನು ಒಟ್ಟಿಗೆ, 3 ಮಿ.ಮೀ. ಅಂತ ಅಳೆದರೆ ಅಷ್ಟೇ ಕೈತಪ್ಪಿಗೆ 37ರಿಂದ 44ರ ಒಳಗೆ ನಿಲ್ಲುತ್ತದೆ. ಒಂದೇ ರೀತಿ ಒತ್ತಾಗಿರುವ ಗೆರೆಗಳನ್ನು ಗುಂಪಾಗಿ ಅಳೆದು ಭಾಗಿಸುವುದೇ ಒಳ್ಳೆಯದು. ಹಿಗ್ಗಿಸಿದ ಪ್ರಿಂಟ್ ಉಪಯೋಗಕ್ಕೆ ಬರುವುದು ಇಲ್ಲೇ. ಗೆರೆಯ ದಪ್ಪವನ್ನೂ ಮರೆಯಬೇಡಿ. 0.2 ಮಿ.ಮೀ. ಗೆರೆ ನೆಲದ ಮೇಲೆ 10 ಮೀಟರ್ ಅಗಲ. ಅದಕ್ಕೆ ಗೆರೆಯ ನಡುವಿನಿಂದ ನಡುವಿಗೆ ಅಳೆಯಬೇಕು.

ನಕ್ಷೆಯ ದೂರ ಅಡ್ಡ ದೂರ, ಗುಡ್ಡದ ಮೈ ಮೇಲಿನ ದೂರ ಜಾಸ್ತಿ ಇರಲ್ವಾ ಅಂತ ಕೇಳಬಹುದು. ಇರುತ್ತದೆ, ಆದರೆ ತಲೆ ಕೆಡಿಸಿಕೊಳ್ಳುವಷ್ಟಿಲ್ಲ. 450 ಮೀ. ಕಾಲುದಾರಿ ಟೇಪಿನಲ್ಲಿ ಸುಮಾರು 466 ಮೀ. 10% ದಾರಿಯಲ್ಲಿ ಕಿಲೋಮೀಟರಿಗೆ 5 ಮೀ. ವ್ಯತ್ಯಾಸ.

ಕೈವಾರ ನಡೆಸುವುದು

ಇಷ್ಟರವರೆಗಿನದು ಇದ್ದ ದಾರಿಯ ಇಳಿಜಾರು ಅಳೆದದ್ದು. ನಮಗೆ ಬೇಕಾದದ್ದು ಉಲ್ಟಾ. ಇಳಿಜಾರು ಮೊದಲೇ ಗೊತ್ತು, ದಾರಿ ಎಲ್ಲಿ ಹೋಗಬೇಕು ಅನ್ನುವುದು ಗೊತ್ತಿಲ್ಲ. ನನ್ನ ಮಟ್ಟಿಗೆ ಟೋಪೋಶೀಟ್ ನಿಜವಾಗಿ ದುಡಿಯುವುದು ಈ ಉಲ್ಟಾ ಲೆಕ್ಕದಲ್ಲೇ.

ಎಷ್ಟು ಇಳಿಜಾರು ಇಡಬೇಕು? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗುಡ್ಡಗಾಡಿನ ರಸ್ತೆಗೆ ಮಾಮೂಲಿಯಾಗಿ 5% ಹೇಳುತ್ತದೆ, ಮಿತಿ 6%, ಬೇರೆ ದಾರಿಯೇ ಇಲ್ಲದ ಚಿಕ್ಕ ತುಂಡಿಗೆ 7%. ರೈಲಿಗಂತೂ ಇನ್ನೂ ಕಷ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 50ಕ್ಕೆ 1, ಅಂದರೆ 2%, ಅಷ್ಟು ಇಟ್ಟುಕೊಳ್ಳಲು 57 ಸುರಂಗ ಕೊರೆಯಬೇಕಾಯಿತು. ನಮ್ಮದು ತೋಟದ ಮಣ್ಣು ದಾರಿ. ನಿಧಾನವಾಗಿ ಒಂದೇ ಗಾಡಿ ಹೋಗುವುದು. 10ಕ್ಕೆ 1 ಸಾಕು ಅಂತ ತೀರ್ಮಾನಿಸಿದೆವು. 8ಕ್ಕೆ 1 ಇಟ್ಟರೂ ಖಾಲಿ ಗಾಡಿ ಹತ್ತುತ್ತದೆ. ಆದರೆ ಜುಲೈ ತಿಂಗಳ ಕೆಸರಿನಲ್ಲಿ ಗೊಬ್ಬರ ತುಂಬಿಕೊಂಡು ಹತ್ತುವುದು ಬೇರೆ ಮಾತು.

10% ಅಂದರೆ ಗೆರೆಯಿಂದ ಗೆರೆಗೆ 4 ಮಿ.ಮೀ. ಕೈವಾರವನ್ನು 4 ಮಿ.ಮೀ.ಗೆ (ಹಿಗ್ಗಿಸಿದ ಪ್ರಿಂಟಿನಲ್ಲಿ 16 ಮಿ.ಮೀ.ಗೆ) ತೆರೆದು ಬಿಗಿ ಮಾಡಿ. ಒಂದು ಕಾಲನ್ನು ಹೊರಡುವ ಗೆರೆಯ ಮೇಲೆ ಊರಿ. ಇನ್ನೊಂದು ಕಾಲು ಮುಂದಿನ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಚುಕ್ಕೆ ಇಡಿ. ಸಾಮಾನ್ಯವಾಗಿ ಎರಡು ಕಡೆ ಮುಟ್ಟುತ್ತದೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಬೇಕಾದ ಕಡೆ ಹಿಡಿದು ಅಲ್ಲಿಂದ ಮತ್ತೆ ಊರಿ. ಚುಕ್ಕೆಗಳನ್ನು ಸೇರಿಸಿದರೆ ಅದು 10% ದಾರಿ. ಕೈವಾರದ ಕಾಲು ಮುಂದಿನ ಗೆರೆಯನ್ನು ಮುಟ್ಟಲೇ ಇಲ್ಲವೆಂದರೆ ಸಂತೋಷ, ಅಲ್ಲಿ ನೆಲವೇ 10%ಗಿಂತ ಸಪಾಟು, ನೆಟ್ಟಗೆ ಹೋಗಬಹುದು.

ಮೇಲಿನಿಂದ ಕೆಳಕ್ಕೆ ನಡೆಸುವುದು ವಾಸಿ. ಎರಡು ಗುಡ್ಡ ಕೂಡುವ ತಗ್ಗನ್ನು ಸರಿಸಲು ಆಗುವುದಿಲ್ಲ, ದಾರಿ ಅಲ್ಲಿಗೇ ಬರಬೇಕು. ಕೆಳಗೆ ಕಣದ ಹತ್ತಿರ ಹತ್ತಿಪ್ಪತ್ತು ಮೀಟರ್ ಆಚೀಚೆ ಆದರೂ ನಡೆಯುತ್ತದೆ.

ಬಲಕ್ಕೆ ಹೋದ ಗೆರೆ ಲೆಕ್ಕಕ್ಕೆ ಚೆನ್ನಾಗಿತ್ತು. ಆರು ಹೆಜ್ಜೆ, 24 ಮಿ.ಮೀ., 1200 ಮೀಟರಿನಲ್ಲಿ ಕಣ ತಲುಪುತ್ತದೆ. ಆದರೆ ಅದರಲ್ಲಿ ಮೂರು ಹೆಜ್ಜೆ, ಅಂದರೆ 600 ಮೀ., ಆ 40% ಪಟ್ಟೆಯ ಅಡ್ಡಕ್ಕೇ ಹೋಗುತ್ತದೆ. ದಾರಿಯ ಉದ್ದಕ್ಕೆ 10% ಇದ್ದರೇನು, ಗುಡ್ಡದ ಮೈ 40% ಇದ್ದರೆ ಧರೆ ಎಷ್ಟು ಎತ್ತರ ಕಡಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಆ ಅಡ್ಡ ಇಳಿಜಾರು. ತುಂಬಿದ ಮಣ್ಣಿನ ಮೇಲೆ ಗಾಡಿ ಓಡಿಸುವ ಧೈರ್ಯ ನನಗಿಲ್ಲ, ಹಾಗಾಗಿ 4 ಮೀ. ಅಗಲ ಪೂರ್ತಿ ಕಡಿದ ನೆಲದ ಮೇಲೇ ಬೇಕು. ಧರೆಯನ್ನು ಲಂಬವಾಗಿ ಕಡಿದರೆ 1.6 ಮೀ. ಎತ್ತರ. ಆದರೆ ಲಂಬ ಧರೆ ನಮ್ಮ ಮಳೆಗೆ ನಿಲ್ಲುವುದಿಲ್ಲ. 45 ಡಿಗ್ರಿ ಓರೆ ಕೊಡಬೇಕು. ಓರೆ ಕೊಟ್ಟಷ್ಟೂ ಗುಡ್ಡ ಮೇಲೇರುತ್ತಲೇ ಇರುತ್ತದೆ, ಎತ್ತರ 2.7 ಮೀಟರಿಗೆ ಹೋಗಿ ನಿಲ್ಲುತ್ತದೆ. ಅಂದರೆ ಒಂದೊಂದು ಮೀಟರ್ ದಾರಿಗೆ 5 ಘನ ಮೀಟರಿಗಿಂತ ಜಾಸ್ತಿ ಮಣ್ಣು. 600 ಮೀಟರಿಗೆ 3,200 ಘನ ಮೀ. ಈ ಮಣ್ಣನ್ನು ಎಲ್ಲಿ ಹಾಕುತ್ತೀರಿ? ಕೆಳಗಿನ ಗಿಡಗಳ ಮೇಲೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನೋಡಿದವರಿಗೆ ಇಷ್ಟುದ್ದ ಧರೆ ಅಂದರೆ ಹೊಟ್ಟೆ ತೊಳಸುತ್ತದೆ. ಆ ಗೆರೆ ಕೈಬಿಟ್ಟೆವು.

ಎಡಕ್ಕೆ ನಡೆಸಿದಾಗ ಕೈವಾರ ಏಣನ್ನು ಸುತ್ತಿ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಯಿತು. ಅಲ್ಲಿ ಅದೇ 1060ರಿಂದ 1000ರವರೆಗಿನ ಗೆರೆಗಳ ನಡುವೆ 2 ಮಿ.ಮೀ. ಇದೆ, ಅಂದರೆ ಅಡ್ಡ ಇಳಿಜಾರು 20%. ತೊಂದರೆ ಏನೆಂದರೆ ಆ ಮಗ್ಗುಲು ಮುಟ್ಟಲು ತಗ್ಗಿನಿಂದ 6 ಮಿ.ಮೀ., ಅಂದರೆ 300 ಮೀ., ಹೆಚ್ಚುಕಮ್ಮಿ ಗೆರೆಯ ಜೊತೆಗೇ ಸಮಮಟ್ಟದಲ್ಲಿ ಹೋಗಬೇಕು. ಒಟ್ಟು 1500 ಮೀ. ಆದರೆ 20% ಮೈಯಲ್ಲಿ ಧರೆ 1 ಮೀ. ಮಾತ್ರ, ಮೀಟರಿಗೆ 2 ಘನ ಮೀ. ಮಣ್ಣು. ಸುತ್ತಿನ 300 ಮೀ. ಸೇರಿಸಿ 900 ಮೀಟರಿಗೆ 1,800 ಘನ ಮೀ. ದಾರಿ 300 ಮೀ. ಉದ್ದವಾದರೂ ಮಣ್ಣು 1,400 ಘನ ಮೀ. ಕಮ್ಮಿ. ಜೊತೆಗೆ ತಿರುವು ಹಾಕಲು ಏಣಿನ ಮೇಲೆ ಗೆರೆಗಳು ಅಗಲವಾಗಿ ಬಿಚ್ಚಿಕೊಂಡಿರುವ ಜಾಗವೂ ಸಿಕ್ಕಿತು. ಹೇರ್‌ಪಿನ್ ತಿರುವನ್ನು ಕಡಿದಾದ ಜಾಗದಲ್ಲಿ ಹಾಕಿದರೆ ಒಳಬದಿಗೆ ಬಾವಿ, ಹೊರಬದಿಗೆ ಪ್ರಪಾತ. ದೊಡ್ಡ ರಸ್ತೆಗಳಲ್ಲೂ ತಿರುವಿನಲ್ಲಿ ಇಳಿಜಾರನ್ನು 40ಕ್ಕೆ 1ಕ್ಕೆ ಇಳಿಸುತ್ತಾರೆ.

ಕಂಪ್ಯೂಟರ್ ಇದೆಯಲ್ಲ ಅನ್ನುವವರಿಗೆ

ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲೂ ನೋಡಿದೆವು. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬೀರಿ ತೆಗೆದ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಪುಕ್ಕಟೆ ಸಿಗುತ್ತದೆ, 30 ಮೀಟರಿಗೊಂದು ಚೌಕ. ಇಳಿಜಾರಿನ ಲೆಕ್ಕ ಹಾಕಿಸುವ ಮೊದಲು ಅದನ್ನು ದೂರ ಮೀಟರಿನಲ್ಲಿ ಇರುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ದೂರ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಆಗಿ ಇಡೀ ಚಿಕ್ಕಮಗಳೂರು 90 ಡಿಗ್ರಿ ಗೋಡೆ ಅಂತ ಬರುತ್ತದೆ.

ಯಾವ ಮಗ್ಗುಲು ಕಡಿದು, ಯಾವುದು ಸಪಾಟು ಅನ್ನುವುದರಲ್ಲಿ ಅದು ನಕ್ಷೆಯ ಜೊತೆ ಒಪ್ಪಿತು. ಅಂಕಿ ಮಾತ್ರ ಎಲ್ಲ ಕಡೆ ಸ್ವಲ್ಪ ಮೆತ್ತಗೆ. ಒಂದು ಚೌಕದ ಇಳಿಜಾರು ತೆಗೆಯಲು ಸುತ್ತಲಿನ ಎಂಟು ಚೌಕಗಳನ್ನೂ ಬಳಸುತ್ತದೆ, ಅಂದರೆ 90 ಮೀಟರಿನ ಸರಾಸರಿ. ಮತ್ತೆ ಆ ರೇಡಾರ್ ಮರದ ನೆತ್ತಿಯಲ್ಲೇ ಬಹುಪಾಲು ನಿಂತುಬಿಡುತ್ತದೆ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಎಷ್ಟು ಎತ್ತರ ಬೆಳೆದಿರುತ್ತದೆ ನೋಡಿದ್ದೀರಲ್ಲ. ಪಕ್ಕದಲ್ಲಿ ಮರವಿಲ್ಲದ ಹಕ್ಕಲು ಇದ್ದರೆ ಅಲ್ಲೊಂದು ಇಲ್ಲದ ಇಳಿಜಾರು ಹುಟ್ಟಿಕೊಳ್ಳುತ್ತದೆ.

ಬಿದಿರಿನ ಚೌಕಟ್ಟು

ಕಾಂಟೂರ್ ಗೆರೆಯನ್ನು ಅರ್ಧ ಅಂತರದಷ್ಟು ಆಚೀಚೆ, ಅಂದರೆ 10 ಮೀ. ಹೆಚ್ಚುಕಮ್ಮಿ ಅಂತಲೇ ಓದಬೇಕು. ಎರಡು ಗೆರೆಗಳ ನಡುವೆ ಐದು ಮೀಟರ್ ಬಂಡೆ ಇದ್ದರೂ ನಕ್ಷೆ ಹೇಳುವುದಿಲ್ಲ. ಹಾಗಾಗಿ ನಕ್ಷೆ ಯಾವ ಮಗ್ಗುಲು ಅಂತ ಹೇಳಿತು, ದಾರಿಯನ್ನು ನೆಲದ ಮೇಲೆ ಮತ್ತೆ ಹುಡುಕಬೇಕು.

ಮೊದಲು ಒಟ್ಟು ಎತ್ತರ. ಫೋನಿನಲ್ಲಿ ಬ್ಯಾರೋಮೀಟರ್ ಇತ್ತು. ಕಣದಲ್ಲಿ ಒತ್ತಡ ಬರೆದುಕೊಂಡು, ತಗ್ಗಿಗೆ ಹತ್ತಿ ಬರೆದುಕೊಂಡು, ಇಳಿದು ಬಂದು ಕಣದಲ್ಲಿ ಮತ್ತೊಮ್ಮೆ ನೋಡಿದೆವು. ನಡುವೆ ಹವಾಮಾನದಿಂದಲೇ ಒತ್ತಡ ಬದಲಾಗಿದೆಯೋ ಅಂತ ತಿಳಿಯುವುದಕ್ಕೆ ಈ ಕೊನೆಯದು ಬೇಕೇ ಬೇಕು. ನಮ್ಮ ಎತ್ತರದಲ್ಲಿ 1 ಹೆಕ್ಟೋಪಾಸ್ಕಲ್‌ಗೆ ಸುಮಾರು ಒಂಬತ್ತೂವರೆ ಮೀಟರ್. ವ್ಯತ್ಯಾಸ 13.4 ಬಂತು, ಅಂದರೆ 127 ಮೀ. ನಕ್ಷೆಯ 120ಕ್ಕಿಂತ 7 ಮೀ. ಜಾಸ್ತಿ. ಇದರಲ್ಲಿ ಆಶ್ಚರ್ಯವಿಲ್ಲ, ತಗ್ಗು ಇರುವುದು 1080 ಮತ್ತು 1100ರ ಗೆರೆಗಳ ನಡುವೆ ಎಲ್ಲೋ. ಆ ಸಮಮಟ್ಟದ 300 ಮೀಟರಿಗೆ ಈ 7 ಮೀಟರನ್ನು ಹಂಚಿದರೆ 2.3% ಆಗುತ್ತದೆ. ನೀರು ನಿಲ್ಲದೆ ಹರಿಯುವುದಕ್ಕೂ ಅಷ್ಟು ಬೇಕಿತ್ತು.

ಗೂಟ ಹೊಡೆಯಲು ಎ ಆಕಾರದ ಚೌಕಟ್ಟು ಮಾಡಿದೆವು. ಶಾಲೆಯ ಕೋನಮಾಪಕಕ್ಕೆ ದಾರ ಕಟ್ಟಿ ನೋಡುವವರೂ ಇದ್ದಾರೆ. ಆದರೆ ಅದರಲ್ಲಿ ಒಂದು ಡಿಗ್ರಿ ತಪ್ಪಿದರೆ 1.7% ಹೋಯಿತು, 10%ರಲ್ಲಿ ಅದು ದೊಡ್ಡ ಪಾಲು. ಎರಡು ಬಿದಿರು, ತುದಿಯಿಂದ ತುದಿಗೆ ಸರಿಯಾಗಿ 2 ಮೀ. ಮೇಲೆ ಒಂದು ಬೋಲ್ಟ್ ಹಾಕಿ ಸೇರಿಸಿ, ಕೆಳಗೆ ಕಾಲುಗಳ ನಡುವೆಯೂ 2 ಮೀ. ಬಿಡಿಸಿ. ಬೋಲ್ಟಿನಿಂದ ನೇರ ಕೆಳಗೆ 1.2 ಮೀಟರಿಗೆ ಒಂದು ಅಡ್ಡಪಟ್ಟಿ. ಬೋಲ್ಟಿನಿಂದ ದಾರದಲ್ಲಿ ನಟ್ ಇಳಿಬಿಡಿ, ಅಡ್ಡಪಟ್ಟಿಗಿಂತ ಸ್ವಲ್ಪ ಕೆಳಗೆ ತೂಗುವಂತೆ.

ಸೊನ್ನೆ ಗುರುತು ಹಾಕುವುದು ಹೀಗೆ. ಕಣ ಸಪಾಟು ಇದೆ ಅಂತ ನಂಬಬೇಡಿ, ನೀರು ಹೋಗಲಿ ಅಂತ ಮೇಸ್ತ್ರಿ ಅದಕ್ಕೂ ವಾಟ ಕೊಟ್ಟಿರುತ್ತಾನೆ. ಎರಡೂ ಕಾಲು ಊರಿದ ಜಾಗಕ್ಕೆ ಗುರುತು ಮಾಡಿ, ದಾರ ಪಟ್ಟಿಯ ಮೇಲೆ ಎಲ್ಲಿ ಬರುತ್ತದೆ ಗೆರೆ ಹಾಕಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಗಾಲಿದ್ದಲ್ಲಿ ಬಲಗಾಲು ಇಟ್ಟು ಮತ್ತೆ ಗೆರೆ ಹಾಕಿ. ಎರಡು ಗೆರೆಗಳ ಸರಿ ನಡುವೆ ಸೊನ್ನೆ. ಅಲ್ಲಿಂದ ಎರಡೂ ಬದಿಗೆ 1.2 ಸೆಂ.ಮೀ.ಗೆ ಒಂದೊಂದು ಶೇಕಡಾ. 12 ಸೆಂ.ಮೀ. ದೂರದ ಗೆರೆ 10%, ಅದಕ್ಕೆ ಕೆಂಪು ಬಣ್ಣ ಬಳಿದೆವು. ಗಾಳಿಗೆ ನಟ್ ಆಡುತ್ತಲೇ ಇರುತ್ತದೆ, ಬೆರಳಿನಿಂದ ದಾರವನ್ನು ಪಟ್ಟಿಗೆ ಮೆಲ್ಲಗೆ ಒತ್ತಿ ಬಿಟ್ಟರೆ ಬೇಗ ನಿಲ್ಲುತ್ತದೆ. ಮಧ್ಯಾಹ್ನದ ಗಾಳಿಯಲ್ಲಿ ಈ ಕೆಲಸ ಆಗುವುದಿಲ್ಲ, ಬೆಳಿಗ್ಗೆಯೇ ಮಾಡಿ.

ತಗ್ಗಿನಿಂದ ಶುರು ಮಾಡಿ ಇಳಿಯುತ್ತಾ ಬಂದೆವು. ಹಿಂದಿನ ಕಾಲು ಗೂಟದ ಬುಡದಲ್ಲಿ, ಮುಂದಿನ ಕಾಲನ್ನು ದಾರ ಕೆಂಪು ಗೆರೆಗೆ ಬರುವವರೆಗೆ ಮೇಲೆ ಕೆಳಗೆ ಸರಿಸುವುದು, ಅಲ್ಲಿ ಸುಣ್ಣ. ಐದು ಹೆಜ್ಜೆಗೆ ಒಂದು ಗೂಟ. ಗಿಡ ಅಡ್ಡ ಬಂದರೆ 8%ಕ್ಕೆ ಇಳಿಸಿ ಅದರ ಮೇಲಿನಿಂದ ಹೋಗುವುದು, ಮುಂದೆ 12%ರಲ್ಲಿ ಸರಿ ಮಾಡಿಕೊಳ್ಳುವುದು. ಒಂದು ಕಡೆ ಹಾಸುಬಂಡೆ ಸಿಕ್ಕಿತು, ನಕ್ಷೆಯಲ್ಲಿ ಅದರ ಸುಳಿವೂ ಇಲ್ಲ. ಅದರ ಕೆಳಗಿನಿಂದ ಹೋಗಲು ಸ್ವಲ್ಪ ದೂರ 12% ಬಿಡದೆ ಹಿಡಿಯಬೇಕಾಯಿತು, ತಿರುವಿನ ಜಾಗವೂ ಏಣಿನ ಮೇಲೆ ಹಾಗೇ ಕೆಳಕ್ಕೆ ಸರಿಯಿತು. ತಿರುವು ಮಾತ್ರ ಸೊನ್ನೆ ಗುರುತಿನ ಹತ್ತಿರವೇ, 2% ವಾಟ ಒಳಬದಿಯ ಚರಂಡಿಗೆ.

ಕಣದ ಹತ್ತಿರ ಬಂದು ಸೇರಿದಾಗ ಗೆರೆ ಗೋದಾಮಿನ ಹಿಂಬದಿಗೆ ಇಳಿಯಿತು, ನಾವು ಅಂದುಕೊಂಡದ್ದು ಮುಂಬದಿ. ನಡೆಯುತ್ತದೆ, ಹಿಂದೆಯೇ ಲೋಡ್ ಇಳಿಸುವ ಜಾಗ ಮಾಡಿದರಾಯಿತು.

ಜೆಸಿಬಿ ಬರುವ ಮೊದಲು ಇನ್ನೊಂದು ಕೆಲಸ ಇತ್ತು. ಬಕೆಟ್ ಮೊದಲು ನುಂಗುವುದು ಗೂಟವನ್ನೇ. ಅದಕ್ಕೆ ಪ್ರತಿ ಗೂಟದಿಂದ ಗುಡ್ಡದ ಮೇಲ್ಬದಿಗೆ ಟೇಪ್ ಅಡ್ಡ ಹಿಡಿದು 8 ಮೀ. ಅಳೆದು, ಧರೆಯ ಅಂಚಿಗೆ ಸಿಗದಂತೆ ಇನ್ನೊಂದು ಸಾಲು ಹೊಡೆದೆವು. ಎರಡೂ ಗೂಟಗಳ ನಡುವೆ ಎಷ್ಟು ಎತ್ತರ ಅಂತ ಮೇಸ್ತ್ರಿಯ ನೀರಿನ ಲೆವೆಲ್ ಪೈಪಿನಲ್ಲಿ ನೋಡಿ ಮೇಲಿನ ಗೂಟದ ಮೇಲೇ ಬರೆದೆವು. ಡ್ರೈವರ್ ಎಷ್ಟು ಕೆರೆದರೂ ಮೇಲಿನ ಗೂಟದಿಂದ ಕೆಳಗೆ ಅಳೆದರೆ ಮಟ್ಟ ಮತ್ತೆ ಸಿಗುತ್ತದೆ. ಚರಂಡಿ ಒಳಬದಿಗೆ, ಮತ್ತೆ 30 ಮೀಟರಿಗೊಂದು ಅಡ್ಡ ಕಾಲುವೆ. 10% ಮಣ್ಣು ದಾರಿಯಲ್ಲಿ ನೀರನ್ನು ಅದಕ್ಕಿಂತ ಜಾಸ್ತಿ ದೂರ ಓಡಲು ಬಿಟ್ಟರೆ ಅದು ತನ್ನದೇ ಕೊರಕಲು ಮಾಡಿಕೊಳ್ಳುತ್ತದೆ. ಮೊದಲ ಮಳೆ ಬೀಳುವುದರೊಳಗೆ ಈ ಅಡ್ಡ ಕಾಲುವೆಗಳಿಗೆ ಕಲ್ಲು ಹಾಸಬೇಕು, ಸದ್ಯಕ್ಕೆ ಬಾಕಿ ಇರುವುದು ಅದೊಂದೇ.